ನಮಗಲ್ಲದ ಮಾತು

ಅಮೆರಿಕದಲ್ಲಿ ಹಳೆಯ ರೇಡಿಯೋ ಸ್ಕ್ಯಾನರ್‌ಗಳ ಹುಚ್ಚಿರುವ ನಾವು ನಾಲ್ವರು ಸೇರಿದರೆ ಮೊದಲ ಪ್ರಶ್ನೆ: ‘ನಿಮ್ಮ ಮೊದಲನೆಯ ಸೆಟ್ ಯಾವುದು?’ ಹೆಸರು ಮರೆತವರೂ ಗುರುತು ಹೇಳುತ್ತಾರೆ. ಸಾಲಾಗಿ ಓಡುವ ಕೆಂಪು ದೀಪಗಳು, ಒಂದೊಂದು ಚಾನೆಲ್ಲಿಗೂ ಒಂದೊಂದು ಕ್ರಿಸ್ಟಲ್. ‘ಹಾಗಾದರೆ ಬೇರ್‌ಕ್ಯಾಟ್ ಇರಬೇಕು’ ಎಂದು ಯಾರೋ ಪತ್ತೆ ಹಚ್ಚುತ್ತಾರೆ. ಪೊಲೀಸರ, ಅಗ್ನಿಶಾಮಕದವರ ಕರೆ ಕೇಳಿದ ಕಥೆಗಳೂ ಬರುತ್ತವೆ. ನೆರೆಮನೆಯ ಮಾತು ಕೇಳಿದ್ದನ್ನು ಮಾತ್ರ ಯಾರೂ ಎತ್ತುವುದಿಲ್ಲ.

ನಾನು ಕೇಳಿದ್ದೇನೆ. ನನ್ನದು ಅಂಕಿ ಒತ್ತಿ ತರಂಗ ಹಿಡಿಯುವ ಸೆಟ್. ಆಗಿನ ಕಾರ್ಡ್‌ಲೆಸ್ ಫೋನುಗಳ ಮಾತು 46 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಯಾವ ಮರೆಯೂ ಇಲ್ಲದೆ ಹರಿಯುತ್ತಿತ್ತು. 1990ರ ಒಂದು ರಾತ್ರಿ ಪಕ್ಕದ ಮನೆಯ ಹೆಂಗಸು, ಗಂಡ ಬಿಟ್ಟುಹೋದದ್ದನ್ನು ತಂಗಿಗೆ ಹೇಳಿ ಅಳುತ್ತಿದ್ದರು. ಕೊನೆಯವರೆಗೂ ಕೇಳಿದೆ. ಬೆಳಿಗ್ಗೆ ಎದುರಾದಾಗ ‘ಹೇಗಿದ್ದೀರಿ?’ ಎಂದೆ. ‘ಚೆನ್ನಾಗಿದ್ದೇನೆ’ ಎಂದು ನಕ್ಕರು.

1986ರ ಅಮೆರಿಕದ ಕೇಂದ್ರ ಕಾನೂನು ಮೊಬೈಲ್ ಕರೆಗಳ ಕದ್ದಾಲಿಕೆಯನ್ನು ತಡೆಯಿತು. ಕಾರ್ಡ್‌ಲೆಸ್ಸಿಗೆ ಆ ರಕ್ಷಣೆ ಬಂದದ್ದು 1994ರಲ್ಲಿ. ಆ ಲೆಕ್ಕದಲ್ಲಿ ನಾನು ಅಪರಾಧಿಯಲ್ಲ. ಯಾರಿಗೂ ಬಾಯಿ ಬಿಡಲೂ ಇಲ್ಲ. ಗಾಳಿಗೆ ಒಡೆಯರಿಲ್ಲ, ನನ್ನ ಮನೆಯೊಳಗೆ ಬಂದ ಅಲೆಯನ್ನು ಹಿಡಿದರೆ ತಪ್ಪೇನು ಎಂಬುದು ನಮ್ಮವರ ಹಳೆಯ ವಾದ. ಅಲೆಯ ಮಟ್ಟಿಗೆ ಅದು ಸರಿ, ಮಾತಿಗಲ್ಲ. ತಮ್ಮ ದುಃಖವನ್ನು ಯಾರಿಗೆ ಹೇಳಬೇಕು, ಯಾರ ಮುಂದೆ ನಗಬೇಕು ಎಂಬ ಆಯ್ಕೆ ಅವರದಾಗಿತ್ತು. ಅದನ್ನು ನಾನು ಕಸಿದುಕೊಂಡೆ. ಗುಟ್ಟು ಕಾಪಾಡಿದ ಮಾತ್ರಕ್ಕೆ ಅದು ಮರಳುವುದಿಲ್ಲ.

ಸ್ಕ್ಯಾನರ್ ತಾನಾಗಿಯೇ ಅಲ್ಲಿ ನಿಂತಿತು, ನಿಜ. ಮುಂದಕ್ಕೆ ಕಳಿಸುವ ಗುಂಡಿ ನನ್ನ ಬೆರಳ ಕೆಳಗೇ ಇತ್ತು.