ಬೂದಿಯೂ ಧರ್ಮವೂ

ದೇವನಹಳ್ಳಿ ಸೀಮೆಯ ಆವತಿಯಂತಹ ಗ್ರಾಮಗಳಲ್ಲಿ ನೀರೊಲೆಯ ಬೂದಿಯನ್ನು ತೆಗೆಯುವವರು, ಕೆಂಡವೆಲ್ಲವೂ ಆರಿತೆಂದು ನಿಶ್ಚಯಿಸಿಕೊಂಡು, ತುಸು ನೀರು ಚಿಮುಕಿಸಿ, ಮೆಲ್ಲನೆ ಗೋರಿ, ಪಾತ್ರೆಯ ತಳಕ್ಕೆ ತಾಗಿಸಿಯೇ ಇಳಿಸಿ, ಮುಚ್ಚಿ ಒಯ್ದರೆ ಧೂಳು ಏಳದು. ಎತ್ತರದಿಂದ ಸುರಿದರಾದರೋ, ಆ ಸೂಕ್ಷ್ಮರಜವು ಮಕ್ಕಳ, ವೃದ್ಧರ ಶ್ವಾಸವನ್ನೇ ಹೊಗುವುದು. ಗೋಮಯವನ್ನು ಸುಟ್ಟು ಪಡೆದ ಭಸ್ಮವನ್ನು ವಿಭೂತಿಯೆಂದು ಲಲಾಟದಲ್ಲಿ ಧರಿಸುವ ನಾವು, ಬೆರಣಿಯುರಿದುಳಿದ ಒಲೆಯ ಬೂದಿಯನ್ನು ಅನಾದರದಿಂದ ಎರಚುವುದು ಉಚಿತವೆ? ಈ ದೇಹವೂ ಕಡೆಗೆ ಬೂದಿಯಾಗುವುದೆಂದು ಈಶಾವಾಸ್ಯೋಪನಿಷತ್ತು ಸಾರಿತು. ಸುಣ್ಣ, ಪೊಟ್ಯಾಷ್‌ಗಳನ್ನೊಳಗೊಂಡ ಕಟ್ಟಿಗೆಯ ಬೂದಿಯಾದರೋ ಹೊಲವನ್ನು ಸೇರಿ ಪೈರಿಗೆ ಪೋಷಣೆಯಾಗುವುದು. ಆದುದರಿಂದ ಪರರ ಉಸಿರಿಗೆ ನೋವಾಗದಂತೆ ಬೂದಿಯನ್ನೆತ್ತುವುದೂ ಅಹಿಂಸಾಧರ್ಮದ ಆಚರಣೆಯೇ; ಅದನ್ನು ಪೂಜೆಯಷ್ಟೇ ಶ್ರದ್ಧೆಯಿಂದ ಮಾಡತಕ್ಕದ್ದು.