ನುಡಿಯದ ಕ್ಷಮೆ

ಒಂದೇ ಊರಿನ ಒಂದೇ ಶಾಲೆಯಲ್ಲಿ ಓದುತ್ತ ಒಬ್ಬರ ಮುಖವನ್ನೊಬ್ಬರು ನೋಡಲೊಲ್ಲದೆ ಇದ್ದ ಇಬ್ಬರು, ಪ್ರಾಯಕ್ಕೆ ಬಂದಮೇಲೆ ಒಬ್ಬರನ್ನೊಬ್ಬರು ಒಲಿಯುವ ಕಥೆಯನ್ನು ಜನರು ಎಷ್ಟು ಸಲ ಓದಿದರೂ ಬೇಸರಪಡುವುದಿಲ್ಲ. ಅದರ ಮುಕ್ತಾಯ ಮೊದಲ ಅಧ್ಯಾಯದಲ್ಲಿಯೇ ತಿಳಿದಿರುತ್ತದೆ. ಆದರೂ ಪುಸ್ತಕವನ್ನು ಕೆಳಗಿಡಲು ಮನಸ್ಸು ಬಾರದು. ಇದು ಹೊತ್ತು ಕಳೆಯುವವರ ಓದು ಎಂದು ತಳ್ಳಿಬಿಡುವ ಪಂಡಿತರುಂಟು. ನನಗಾದರೋ ಇದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿದೆಯೆಂದು ತೋರುತ್ತದೆ. ಮನಸ್ಸು ಕ್ಷಮಿಸಿದೆ, ಬಾಯಿ ಅದನ್ನು ಹೇಳಿಲ್ಲ. ಹಾಗೆ ಒಳಗೇ ಉಳಿದದ್ದನ್ನು ಕ್ಷಮೆಯೆಂದು ಕರೆಯಬಹುದೆ?

ದೃಷ್ಟಾಂತಕ್ಕಾಗಿ ಒಂದು ಪ್ರಸಿದ್ಧ ಕಥೆಯನ್ನೇ ತೆಗೆದುಕೊಳ್ಳುವೆನು. ಕೆನಡಾ ದೇಶದ ಪೂರ್ವ ಸಮುದ್ರದಲ್ಲಿ ಪ್ರಿನ್ಸ್ ಎಡ್ವರ್ಡ್ ಎಂಬ ಕೆಂಪು ಮಣ್ಣಿನ ದ್ವೀಪವಿದೆ. ಅಲ್ಲಿಯ ಕ್ಯಾವೆಂಡಿಷ್ ಹಳ್ಳಿಯಲ್ಲಿ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಬೆಳೆದ ಲೂಸಿ ಮಾಡ್ ಮಾಂಟ್ಗೊಮರಿ (1874–1942) ಎಂಬವರು 1908ರಲ್ಲಿ ‘ಆನ್ ಆಫ್ ಗ್ರೀನ್ ಗೇಬಲ್ಸ್’ ಎಂಬ ಕಾದಂಬರಿಯನ್ನು ಪ್ರಕಟಿಸಿದರು. ಅನಾಥಾಲಯದಿಂದ ಏವನ್ಲೀ ಎಂಬ ಕಲ್ಪಿತ ಗ್ರಾಮಕ್ಕೆ ಬಂದ 11 ವರ್ಷದ ಆನ್ ಶರ್ಲಿಯೇ ಅದರ ನಾಯಕಿ. ತನ್ನ ಕೂದಲು ಕೆಂಪಗಿರುವುದೇ ಆ ಬಾಲೆಗೆ ಜೀವನದ ದೊಡ್ಡ ದುಃಖ. ಗಿಲ್ಬರ್ಟ್ ಬ್ಲೈಥ್ ಎಂಬ ಸಹಪಾಠಿಯು ತರಗತಿಯಲ್ಲಿ ಅವಳ ಜಡೆಯನ್ನು ಹಿಡಿದೆಳೆದು ಗಜ್ಜರಿಗಡ್ಡೆಯ ಹೆಸರಿನಿಂದ ಕರೆದನು. ಹುಡುಗಿ ಎದ್ದು ತನ್ನ ಸ್ಲೇಟನ್ನು ಅವನ ತಲೆಯಮೇಲೆ ಅಪ್ಪಳಿಸಿದಳು. ಒಡೆದದ್ದು ಸ್ಲೇಟು ಮಾತ್ರ, ತಲೆಯಲ್ಲ. ತಪ್ಪು ತನ್ನದೇ ಎಂದು ಹುಡುಗನು ಎಲ್ಲರೆದುರು ಒಪ್ಪಿಕೊಂಡರೂ ಉಪಾಧ್ಯಾಯನು ಕಿವಿಗೊಡದೆ, ಅವಳ ಸಿಡುಕನ್ನು ಕುರಿತ ವಾಕ್ಯವೊಂದನ್ನು ಕರಿಹಲಗೆಯಮೇಲೆ ಬರೆದು ಅದರ ಮುಂದೆ ಅವಳನ್ನು ನಿಲ್ಲಿಸಿದನು. ಅವಳ ಹೆಸರನ್ನು ತಪ್ಪಾಗಿ ಬರೆದದ್ದು ಆ ಮಹಾಶಯನ ಹೆಚ್ಚಿನ ಕೊಡುಗೆ!

ಶಾಲೆ ಬಿಟ್ಟೊಡನೆ ಗಿಲ್ಬರ್ಟನು ಕ್ಷಮೆ ಬೇಡಿದನು. ಆನ್ ಕೇಳಿಯೂ ಕೇಳದವಳಂತೆ ನಡೆದುಹೋದಳು. ಅಂದಿನಿಂದ ವರ್ಷಗಟ್ಟಲೆ ಅವನ ಹೆಸರನ್ನು ಅವಳು ನಾಲಗೆಗೆ ತಂದುಕೊಳ್ಳಲೊಲ್ಲಳು. ಆದರೆ ಲೆಕ್ಕದಲ್ಲಿ, ಕಾಗುಣಿತದಲ್ಲಿ, ಪರೀಕ್ಷೆಯಲ್ಲಿ ಅವನನ್ನು ಮೀರಬೇಕೆಂಬ ಹಟವೊಂದೇ ಅವಳನ್ನು ಓದಿಸುತ್ತಿತ್ತು. ಕಡೆಗೆ ಪ್ರವೇಶಪರೀಕ್ಷೆಯಲ್ಲಿ ಇಬ್ಬರೂ ಸಮಸಮವಾಗಿ ದ್ವೀಪಕ್ಕೆಲ್ಲ ಮೊದಲಿಗರಾದರು.

ಇದನ್ನು ಓದುವಾಗ ನಮ್ಮವರಿಗೆ ಭಾಗವತದ ಸಪ್ತಮಸ್ಕಂಧವು ನೆನಪಾಗದಿರದು. ಕೃಷ್ಣನನ್ನು ಬಾಯ್ತುಂಬ ನಿಂದಿಸಿದ ಶಿಶುಪಾಲನು ಅವನಲ್ಲಿಯೇ ಐಕ್ಯನಾದುದು ಹೇಗೆಂದು ಧರ್ಮರಾಯನು ಕೇಳಲು, ವೈರದಿಂದ ಉಂಟಾಗುವ ತನ್ಮಯತೆಯು ಭಕ್ತಿಯಿಂದಲೂ ಉಂಟಾಗದೆಂದು ನಾರದರು ಉತ್ತರ ಕೊಡುತ್ತಾರೆ. ಗೂಡಿನಲ್ಲಿ ಸಿಕ್ಕಿದ ಹುಳು ಕಣಜವನ್ನೇ ನೆನೆನೆನೆದು ಕಣಜವಾಗುವ ಉಪಮೆಯನ್ನೂ ಹೇಳುತ್ತಾರೆ. ಹಗೆಯೆಂಬುದು ಒಂದು ಬಗೆಯ ಅಖಂಡಧ್ಯಾನ. ಮಿತ್ರನನ್ನು ನಾವು ಮರೆಯಬಹುದು. ವೈರಿಯು ಬೀದಿಯ ಆಚೆ ತುದಿಯಲ್ಲಿ ಬಂದರೂ ನಮಗೆ ಗೊತ್ತಾಗುತ್ತದೆ.

ಆದರೆ ಈ ಉಪಮೆಯನ್ನು ಬಹಳ ದೂರ ಎಳೆಯುವುದು ಅಪಾಯಕರ. ಹುಡುಗನು ಹುಡುಗಿಯನ್ನು ಪೀಡಿಸಿದನೆಂದರೆ ಅದು ಪ್ರೀತಿಯ ಲಕ್ಷಣ ಎಂದು ನಗುತ್ತ ಹೇಳುವ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಪೀಡೆ ಪೀಡೆಯೇ. ಗಿಲ್ಬರ್ಟನು ಮೆಚ್ಚಿಗೆಗೆ ಪಾತ್ರನಾದುದು ಜಡೆಯನ್ನೆಳೆದುದರಿಂದಲ್ಲ; ಎಳೆದುದು ತಪ್ಪೆಂದು ಆ ದಿನವೇ ಒಪ್ಪಿಕೊಂಡುದರಿಂದ, ಬೇಡವೆಂದಮೇಲೆ ದೂರ ನಿಂತುದರಿಂದ. ಈ ಭೇದವನ್ನು ಕಾಣದೆ ಬರೆದ ಕಥೆಗಳು ತರುಣರನ್ನು ಕೆಡಿಸುತ್ತವೆ ಎಂಬ ಆಕ್ಷೇಪವು ನ್ಯಾಯವಾದುದೇ.

ಈಗ ಮುಖ್ಯ ಸಂಗತಿಗೆ ಬರೋಣ. ಒಮ್ಮೆ ಗೆಳತಿಯರೊಡನೆ ಟೆನಿಸನ್ ಕವಿಯ ಒಂದು ಪ್ರಸಂಗವನ್ನು ಆಡಿ ತೋರಿಸಹೋಗಿ, ದೋಣಿಯೊಳಗೆ ನೀರು ನುಗ್ಗಿ, ಆನ್ ಸೇತುವೆಯ ಕಂಬವನ್ನು ತಬ್ಬಿ ನೇತಾಡಬೇಕಾಯಿತು. ಆ ದಾರಿಯಾಗಿ ದೋಣಿಯಲ್ಲಿ ಬಂದ ಗಿಲ್ಬರ್ಟನು ಅವಳನ್ನು ದಡ ಸೇರಿಸಿ, ಇನ್ನಾದರೂ ಸ್ನೇಹಿತರಾಗೋಣವೆ ಎಂದು ಕೇಳಿದನು. ಒಂದು ನಿಮಿಷ ಅವಳ ಎದೆ ಹೌದೆಂದಿತು. ಅಷ್ಟರಲ್ಲಿ ಕರಿಹಲಗೆಯ ಮುಂದೆ ನಿಂತ ಅವಮಾನವು ಕಣ್ಣಿಗೆ ಕಟ್ಟಿ, ನಾಲಗೆ ಇಲ್ಲವೆಂದುಬಿಟ್ಟಿತು. ಇನ್ನೆಂದಿಗೂ ಕೇಳೆನೆಂದು ಹೇಳಿ ಅವನು ಹೊರಟುಹೋದನು. ಮುಂದೆ ಅವಳು ಹುಡುಕಿ ನೋಡಿಕೊಂಡರೆ ಹಳೆಯ ಕೋಪವು ಒಳಗೆ ಇರಲೇ ಇಲ್ಲ! ಕೋಪ ಹೋಗಿತ್ತು, ಕೋಪಗೊಂಡವಳ ಪೀಠ ಮಾತ್ರ ಉಳಿದಿತ್ತು. ಅದರಿಂದ ಇಳಿಯುವ ಬಗೆಯೇ ಅವಳಿಗೆ ತಿಳಿಯದು.

ಅನ್ಯಾಯಕ್ಕೆ ಒಳಗಾದವನಿಗೆ ಒಂದು ಸಣ್ಣ ರಾಜ್ಯ ದೊರೆಯುತ್ತದೆ. ಅಲ್ಲಿ ಅವನು ಎಂದಿಗೂ ನಿರ್ದೋಷಿ; ಎದುರಾಳಿಯು ಎಂದಿಗೂ ಸಾಲಗಾರ. ಕ್ಷಮಿಸಿದೆನೆಂದು ಬಾಯಿಬಿಟ್ಟು ಹೇಳಿದ ಕ್ಷಣವೇ ಆ ರಾಜ್ಯ ಹೋಯಿತು, ಇಬ್ಬರೂ ಸಮಾನರಾದರು. ಒಳಗೊಳಗೇ ಕ್ಷಮಿಸಿಕೊಳ್ಳುವುದರಲ್ಲಿ ಈ ನಷ್ಟವಿಲ್ಲ. ಔದಾರ್ಯದ ಸಂತೋಷವೂ ಸಿಕ್ಕುತ್ತದೆ, ಸಿಂಹಾಸನವೂ ಉಳಿಯುತ್ತದೆ. ಸಾಲಗಾರನು ಮಾತ್ರ ತನ್ನ ಸಾಲ ತೀರಿದುದನ್ನು ಅರಿಯದೆ ತಲೆತಗ್ಗಿಸಿಕೊಂಡೇ ತಿರುಗುತ್ತಾನೆ. ಇದನ್ನು ಕ್ಷಮೆಯೆನ್ನಲು ನನಗೆ ಮನಸ್ಸೊಪ್ಪದು.

ಬಾಯಿಮಾತೇ ಸಾಕೇನು ಎಂದು ಕೇಳಬಹುದು. ಸಾಲದು. ದ್ರೋಣ ದ್ರುಪದರೂ ಸಹಪಾಠಿಗಳೇ ಅಲ್ಲವೆ? ನಮ್ಮ ಪಂಪನೂ ವಿಸ್ತರಿಸಿ ಹೇಳಿರುವ ಕಥೆ ಅದು. ಒಟ್ಟಿಗೆ ಕಲಿತ ಗೆಳೆಯನನ್ನು ದ್ರುಪದನು ಅರಸನಾದಮೇಲೆ ಅರಿಯೆನೆಂದನು. ದ್ರೋಣನು ಶಿಷ್ಯರಿಂದ ಅವನನ್ನು ಸೆರೆಹಿಡಿಸಿ, ಅರ್ಧರಾಜ್ಯವನ್ನು ಹಿಂದಕ್ಕೆ ಕೊಟ್ಟು, ಇನ್ನು ನಾವು ಸಮಾನರು, ಸ್ನೇಹಿತರು ಎಂದನು. ದ್ರುಪದನೂ ಒಪ್ಪಿದನು. ಮಾತೆಲ್ಲ ನಡೆಯಿತು, ಎದೆಯಲ್ಲಿ ಮಾತ್ರ ಏನೂ ನಡೆಯಲಿಲ್ಲ. ಆ ದ್ರುಪದನೇ ದ್ರೋಣನನ್ನು ಕೊಲ್ಲುವ ಮಗನಿಗಾಗಿ ಯಜ್ಞಮಾಡಿದನು.

ಏವನ್ಲೀಯ ಕಥೆಯಲ್ಲಿ ಗಂಟು ಬಿಚ್ಚಿದುದು ಹೀಗೆ. ಸಾಕಿದ ಮ್ಯಾಥ್ಯೂ ತೀರಿಕೊಂಡು, ಅವನ ತಂಗಿ ಮರಿಲ್ಲಾಳ ಕಣ್ಣು ಮಂದವಾಗುತ್ತಿರಲು, ಆನ್ ತಾನು ಗೆದ್ದ ವಿದ್ಯಾರ್ಥಿವೇತನವನ್ನು ಬಿಟ್ಟು ಮನೆಯಲ್ಲಿ ನಿಂತಳು. ಆ ಊರಿನ ಶಾಲೆಯ ಉಪಾಧ್ಯಾಯವೃತ್ತಿ ಗಿಲ್ಬರ್ಟನಿಗೆ ಗೊತ್ತಾಗಿತ್ತು. ಅದನ್ನು ಅವಳಿಗಾಗಿ ಬಿಟ್ಟುಕೊಟ್ಟು, ತಾನು ಬೇರೆ ಊರಿನಲ್ಲಿ ಊಟ ವಸತಿಗೆ ಹಣ ತೆತ್ತು ಇರಲು ಹೊರಟನು. ಈ ಸುದ್ದಿಯನ್ನು ಅವಳಿಗೆ ತಿಳಿಸಿದವರು ಬೇರೆಯವರು, ಅವನಲ್ಲ. ಸಂಜೆ ದಾರಿಯಲ್ಲಿ ಎದುರಾದಾಗ ಅವನು ಟೊಪ್ಪಿಗೆಯನ್ನೆತ್ತಿ ಸುಮ್ಮನೆ ಹೋಗುವವನಿದ್ದ. ಆನ್ ತಾನೇ ನಿಂತು ಕೈನೀಡಿದಳು. ಅಂದು ಕೊಳದ ದಡದಲ್ಲಿಯೇ ಕ್ಷಮಿಸಿದ್ದೆನೆಂದೂ ತನಗೇ ಅದು ತಿಳಿದಿರಲಿಲ್ಲವೆಂದೂ ಒಪ್ಪಿಕೊಂಡಳು. ಅಲ್ಲಿಗೆ ಸ್ನೇಹವಾಯಿತು, ಪ್ರೇಮವಲ್ಲ. ಪ್ರೇಮಕ್ಕೆ ಓದುಗರು 1915ರಲ್ಲಿ ಬಂದ ‘ಆನ್ ಆಫ್ ದಿ ಐಲೆಂಡ್’ ವರೆಗೆ ಕಾಯಬೇಕಾಯಿತು. ಅಲ್ಲಿಯೂ ಅವಳು ಮೊದಲು ನಿರಾಕರಿಸುತ್ತಾಳೆ. ಅವನು ವಿಷಮಶೀತಜ್ವರದಿಂದ ಸಾಯುವಂತಿದ್ದಾನೆಂದು ಕೇಳಿದ ರಾತ್ರಿಯೇ ತನ್ನ ಮನಸ್ಸನ್ನು ತಾನು ಅರಿಯುತ್ತಾಳೆ. ಅವನು ಬದುಕಿಕೊಂಡನು. ಕಾದಂಬರಿಗಳಲ್ಲಿ ಬದುಕಿಕೊಳ್ಳುತ್ತಾರೆ.

ನನಗೂ ಶಾಲೆಯಲ್ಲಿ ಒಬ್ಬ ಪ್ರತಿಸ್ಪರ್ಧಿಯಿದ್ದನು. ಮಾಡದ ತಪ್ಪನ್ನು ನನ್ನಮೇಲೆ ಹೊರಿಸಿ ಬೆತ್ತದ ಏಟು ತಿನ್ನಿಸಿದ್ದನು. ಆಮೇಲೆ ಎರಡೇ ಬೀದಿಗಳ ಅಂತರದಲ್ಲಿ ಮೂವತ್ತು ವರ್ಷ ಬಾಳಿದೆವು, ಮಾತಿಲ್ಲ. ಒಂದು ಮದುವೆಯ ಪಂಕ್ತಿಯಲ್ಲಿ ಅವನು ಪಾಯಸ ಬಡಿಸುತ್ತ ಬಂದು ನನ್ನ ಎಲೆಯ ಮುಂದೆ ನಿಂತು, “ಹಾಕಲೇನಯ್ಯ?” ಎಂದನು. ಆ ವೇಳೆಗೆ ನನ್ನಲ್ಲಿ ಕೋಪವೆಂಬುದು ಲೇಶವೂ ಇರಲಿಲ್ಲ. ಆದರೂ ಕೈ ತಾನೇ ಹೋಗಿ ಎಲೆಗೆ ಅಡ್ಡವಾಯಿತು. ಅವನು ಮುಂದಿನ ಎಲೆಗೆ ಸರಿದನು. ಮರುವರ್ಷ ಅವನು ತೀರಿಕೊಂಡಾಗ ಮನೆಗೆ ಹೋಗಿದ್ದೆನು. ಅವನ ಪತ್ನಿ ನನ್ನ ಗುರುತು ಹಿಡಿದು, “ತಮ್ಮ ವಿಷಯ ಆಗಾಗ ಹೇಳುತ್ತಿದ್ದರು” ಎಂದರು. ಏನು ಹೇಳುತ್ತಿದ್ದನೆಂದು ಕೇಳುವ ಧೈರ್ಯವಾಗಲಿಲ್ಲ. ಸ್ವಲ್ಪ ಹೊತ್ತು ಜಗಲಿಯಮೇಲೆ ಕುಳಿತಿದ್ದು ಎದ್ದುಬಂದೆನು.