ಜಾಗರಣೆಯ ವ್ರತವೂ ನೆರೆಮನೆಯ ನಿದ್ರೆಯೂ

॥ ಶ್ರೀಹರಿವಾಯುಗುರುಭ್ಯೋ ನಮಃ ॥



ಊರು ಬಿಟ್ಟು ದಿಲ್‌ಸುಖ್‌ನಗರದಲ್ಲಿ ನೆಲೆಸಿದ ನಾವು ಭಜನೆ, ಪ್ರವಚನ, ಆರಾಧನೆಗಳನ್ನು ತಪ್ಪದೆ ನಡೆಸಿಕೊಂಡು ಬಂದಿರುವುದು ಗುರುಗಳ ಅನುಗ್ರಹವೇ ಸರಿ. ಆದರೆ ಊರಿನ ಮಠದ ವಿಶಾಲವಾದ ಅಂಗಳ ಇಲ್ಲಿಲ್ಲ. ಗೋಡೆಗೆ ಗೋಡೆ ಅಂಟಿದ ಮನೆಗಳು, ಪರೀಕ್ಷೆಗೆ ಓದುವ ವಿದ್ಯಾರ್ಥಿಗಳು ತುಂಬಿದ ಹಾಸ್ಟೆಲ್‌ಗಳು ನಮ್ಮ ಸುತ್ತಲಿವೆ. ಆದುದರಿಂದ ಧ್ವನಿವರ್ಧಕದ ವಿಷಯದಲ್ಲಿ ಶಾಸನವೇನು, ಶಾಸ್ತ್ರವೇನು ಎಂಬುದನ್ನು ವಿಚಾರಿಸುವುದು ಯುಕ್ತ.

ಶಾಸನವು ಸ್ಪಷ್ಟವಾಗಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ, ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕವನ್ನು ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮುಚ್ಚಿದ ಸಭಾಂಗಣದ ಒಳಗೆ ಹೊರತು, ಅದು ನಿಷಿದ್ಧ. ಉತ್ಸವಗಳಿಗಾಗಿ ರಾಜ್ಯ ಸರ್ಕಾರವು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಕೆ ನೀಡಬಹುದು. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಇತರರ ಶಾಂತಿಯನ್ನು ಕದಡಿ ಪ್ರಾರ್ಥಿಸಬೇಕೆಂದು ಯಾವ ಮತವೂ ವಿಧಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2000ದಲ್ಲಿಯೇ ಹೇಳಿದೆ. ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ಬಳಕೆಯನ್ನು ಹೈದರಾಬಾದ್ ಪೊಲೀಸರು 2024ರ ಅಕ್ಟೋಬರಿನಲ್ಲಿ ನಿಷೇಧಿಸಿದರು.

"ಭಗವನ್ನಾಮವು ಹೆಚ್ಚು ಜನರ ಕಿವಿಗೆ ಬಿದ್ದರೆ ಪುಣ್ಯವಲ್ಲವೇ?" ಎಂದು ಕೆಲವರು ಆಕ್ಷೇಪಿಸುವುದುಂಟು. ಮನುವು ವಿಧಿಯಜ್ಞಕ್ಕಿಂತ ಜಪಯಜ್ಞವು ಹತ್ತುಪಟ್ಟು, ತುಟಿಯೊಳಗಿನ ಉಪಾಂಶುಜಪವು ನೂರುಪಟ್ಟು, ಮಾನಸಜಪವು ಸಾವಿರಪಟ್ಟು ಶ್ರೇಷ್ಠವೆನ್ನುತ್ತಾನೆ. ಗೀತೆಯ 17ನೆಯ ಅಧ್ಯಾಯದಲ್ಲಿ ಭಗವಂತನು ಯಾರಿಗೂ ಉದ್ವೇಗವುಂಟುಮಾಡದ ಮಾತನ್ನೇ ವಾಙ್ಮಯ ತಪಸ್ಸೆಂದು ಗಣಿಸಿದ್ದಾನೆ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಶ್ರೀಮದಾಚಾರ್ಯರ ಸಿದ್ಧಾಂತದಲ್ಲಿ ವಿಶ್ವ, ತೈಜಸ, ಪ್ರಾಜ್ಞರು ಎಚ್ಚರ, ಕನಸು, ಗಾಢನಿದ್ರೆಗಳನ್ನು ನಡೆಸುವ ಶ್ರೀಹರಿಯ ರೂಪಗಳು. ದಿನವಿಡೀ ದಣಿದ ಜೀವನು ಸುಷುಪ್ತಿಯಲ್ಲಿ ಪ್ರಾಜ್ಞನಾಮಕ ಪರಮಾತ್ಮನ ಆಶ್ರಯದಲ್ಲಿರುತ್ತಾನೆ. ಆ ಜೀವನು ಯಾವ ಮತದವನೇ ಆಗಿರಲಿ, ಅವನನ್ನು ಅಲ್ಲಿಂದ ಬಲಾತ್ಕಾರವಾಗಿ ಎಬ್ಬಿಸುವುದು ಹರಿಸೇವೆಯಾದೀತೇ? ಏಕಾದಶಿಯ ಜಾಗರಣೆಯು ಸಂಕಲ್ಪ ಮಾಡಿದವರ ವ್ರತ. ನೆರೆಮನೆಯ ರೋಗಿಯಾಗಲಿ ಹಸುಗೂಸಾಗಲಿ ಆ ಸಂಕಲ್ಪವನ್ನು ಮಾಡಿಲ್ಲ.

ರೈಲ್ವೆಯಲ್ಲಿ ಎಂಜಿನ್ ಚಾಲಕರು ಮಲಗುವ ರನ್ನಿಂಗ್ ರೂಮ್‌ಗಳ ಬಳಿ ಗದ್ದಲ ಕೂಡದೆಂಬ ಕಟ್ಟುನಿಟ್ಟನ್ನು ನಾವು ಸೇವಾವಧಿಯಲ್ಲಿ ಕಂಡಿದ್ದೇವೆ. ಅವರ ನಿದ್ರೆಯ ಮೇಲೆ ನೂರಾರು ಪ್ರಯಾಣಿಕರ ಪ್ರಾಣ ನಿಂತಿರುತ್ತದೆ. ನಮ್ಮ ಗಲ್ಲಿಯಲ್ಲಿಯೂ ಅಂಥ ಹೊಣೆ ಹೊತ್ತವರು ಮಲಗಿರಬಹುದು.

ಆದುದರಿಂದ ರಾತ್ರಿ 10ಕ್ಕೆ ಮೊದಲೇ ಮಂಗಳಾರತಿಯಾಗಲಿ. ಜಾಗರಣೆಯ ಭಜನೆಯು ಬಾಗಿಲು ಮುಚ್ಚಿ, ಮೈಕಿಲ್ಲದೆ, ತಂಬೂರಿ ಮತ್ತು ತಗ್ಗಿಸಿದ ತಾಳದೊಡನೆ ಸಾಗಲಿ. ಸುಪ್ರಭಾತವನ್ನು ಬಾಯಿಂದಲೇ ಹೇಳೋಣ. ಹರಿದಾಸರು ಧ್ವನಿವರ್ಧಕವಿಲ್ಲದೆಯೇ ನಾಡೆಲ್ಲ ಹರಿನಾಮವನ್ನು ಹರಡಿದರೆಂಬುದನ್ನು ಮರೆಯದಿರೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥